ಬೆಳವ ಮತ್ತು ಮಡಿವಾಳ: ಕೂಜನ-ಗಾನಗಳ ವಿಚಾರ

ಹಕ್ಕಿಯ ದನಿಯನ್ನೆಲ್ಲ ‘ಹಾಡು’ ಎಂದೇ ಅರ್ಥೈಸುವ ವಾಡಿಕೆ ಕಾವ್ಯವ್ಯಾಖ್ಯಾನಗಳಲ್ಲಿ ಉಂಟು. ಕೂಜನವೂ ಗಾನವೂ ಸ್ವರೂಪದಲ್ಲಿಯೇ ಭಿನ್ನವೆಂಬುದನ್ನು ಕನ್ನಡನಾಡಿನ ತೋಟಗಳಲ್ಲಿ ಸಾಮಾನ್ಯವಾಗಿ ಕಾಣಬರುವ ಎರಡು ಹಕ್ಕಿಗಳಿಂದ ತಿಳಿಯಬಹುದು. ಒಂದು ಚುಕ್ಕೆಬೆಳವ, ಇನ್ನೊಂದು ಮಡಿವಾಳ.

ಬೆಳವವು ಸುಮಾರು 30 ಸೆಂಟಿಮೀಟರ್ ಉದ್ದದ ಕಂದುಬಣ್ಣದ ಹಕ್ಕಿ. ಕತ್ತಿನ ಹಿಂಬದಿಯ ಕಪ್ಪುಪಟ್ಟಿಯಲ್ಲಿ ಬಿಳಿಯ ಚುಕ್ಕೆಗಳಿರುತ್ತವೆ. ನೆಲದ ಮೇಲಿನ ಕಾಳುಗಳೇ ಇದರ ಮುಖ್ಯಾಹಾರ. ಕೆಲವೇ ಕಡ್ಡಿಗಳ ಸಡಿಲವಾದ ಗೂಡಿನಲ್ಲಿ ಎರಡು ಮೊಟ್ಟೆಗಳನ್ನಿಡುತ್ತದೆ. ಮರಿಗಳಿಗೆ ತಾಯಿತಂದೆಗಳೆರಡೂ ತಮ್ಮ ಅನ್ನಚೀಲದಲ್ಲಿ ಸ್ರವಿಸುವ ಹಾಲಿನಂತಹ ದ್ರವವನ್ನುಣಿಸುತ್ತವೆ. ಮಡಿವಾಳವಾದರೋ ಸುಮಾರು 19 ಸೆಂಟಿಮೀಟರ್ ಉದ್ದದ್ದು. ಗಂಡು ಕಪ್ಪು-ಬಿಳುಪು, ಹೆಣ್ಣು ಬೂದು-ಬಿಳುಪು. ಬಾಲವನ್ನು ಮೇಲೆತ್ತಿ ಹುಳುಹುಪ್ಪಟೆಗಳನ್ನು ಹಿಡಿಯುವ ಈ ಹಕ್ಕಿ ಮರದ ಪೊಟರೆಯಲ್ಲೋ ಗೋಡೆಯ ಬಿಲದಲ್ಲೋ ಗೂಡುಮಾಡುತ್ತದೆ.

ಇವುಗಳ ಮುಖ್ಯವಾದ ಭೇದವಿರುವುದು ಧ್ವನಿಯಲ್ಲಿ. ಬೆಳವವು ಕೊಕ್ಕನ್ನು ಮುಚ್ಚಿಕೊಂಡೇ ಕೊರಳನ್ನುಬ್ಬಿಸಿ ಗುಟುರುಹಾಕುತ್ತದೆ. ಬೆಳವದ ಜಾತಿಗಳಲ್ಲಿ ಈ ದನಿ ಜನ್ಮಸಿದ್ಧವಾದುದು. ಅದನ್ನು ಕೇಳಿ ಕಲಿಯಬೇಕಾದುದಿಲ್ಲ. ಮಡಿವಾಳವು ಗಾಯಕಪಕ್ಷಿಗಳ ವರ್ಗಕ್ಕೆ ಸೇರಿದುದು. ಆ ವರ್ಗದ ಹಕ್ಕಿಗಳಿಗೆ ಶ್ವಾಸನಾಳದ ಬುಡದಲ್ಲಿರುವ ಧ್ವನಿಪೆಟ್ಟಿಗೆಯನ್ನಾಡಿಸಲು ಅನೇಕ ಜೊತೆ ಸ್ನಾಯುಗಳುಂಟು. ಹಾಡನ್ನು ಅವು ಹಿರಿಯ ಹಕ್ಕಿಗಳಿಂದ ಕೇಳಿ ಕಲಿಯುತ್ತವೆ. ಗಂಡು ಮಡಿವಾಳವು ಮರಿಮಾಡುವ ಕಾಲದಲ್ಲಿ ಎತ್ತರದ ಕೊಂಬೆಯನ್ನೇರಿ, ಸ್ವರಗಳನ್ನು ಮಾರ್ಪಡಿಸುತ್ತ, ಕೆಲವೊಮ್ಮೆ ಇತರ ಹಕ್ಕಿಗಳ ಕೂಗನ್ನು ಅನುಕರಿಸುತ್ತ ಹಾಡುತ್ತದೆ. ಆದುದರಿಂದ ಒಂದರದು ಪ್ರಕೃತಿ, ಇನ್ನೊಂದರದು ಪ್ರಕೃತಿಯೊಡನೆ ಅಭ್ಯಾಸವೂ ಕೂಡಿದುದು.

ಈ ಭೇದವು ಶಬ್ದಾರ್ಥದ ವಿಚಾರದಲ್ಲಿಯೂ ಉಪಯುಕ್ತವಾದುದು. ‘ಕಲರವ’ವೆಂದರೆ ಇಂದಿನ ಕನ್ನಡದಲ್ಲಿ ಹಕ್ಕಿಗಳ ಚಿಲಿಪಿಲಿ. ಆದರೆ ಅಮರಕೋಶವು ಅದನ್ನು ಪಾರಾವತ, ಕಪೋತಗಳೊಡನೆ ಪಾರಿವಾಳದ ಹೆಸರಾಗಿ ಎಣಿಸುತ್ತದೆ. ‘ಕಲ’ವೆಂಬುದಕ್ಕೆ ಮಧುರವೂ ಅಸ್ಫುಟವೂ ಆದ ಧ್ವನಿಯೆಂದು ಅರ್ಥಹೇಳುತ್ತದೆ. ಪಾರಿವಾಳದ ಮತ್ತು ಅದರ ಬಂಧುವಾದ ಬೆಳವದ ಗುಟುರಿಗೆ ಈ ಲಕ್ಷಣವು ಚೆನ್ನಾಗಿ ಹೊಂದುತ್ತದೆ. ಬಿಡಿಬಿಡಿಯಾಗಿ ಸ್ಫುಟವಾಗಿ ಕೇಳುವ ಮಡಿವಾಳದ ಸ್ವರಗಳಿಗೆ ಹೊಂದದು. ಹೀಗಿರುವಲ್ಲಿ ಹಳೆಯ ಪದ್ಯವೊಂದರಲ್ಲಿ ‘ಕಲರವ’ವು ಬಂದಾಗ ಅದು ಹಕ್ಕಿಯ ಹೆಸರೋ, ಬರಿಯ ದನಿಯೋ ಎಂಬುದನ್ನು ಸಂದರ್ಭದಿಂದ ನಿಶ್ಚಯಿಸದೆ ‘ಹಕ್ಕಿಗಳ ಹಾಡು’ ಎಂದು ಬರೆದುಬಿಟ್ಟರೆ, ಕವಿಯು ಕಂಡ ಹಕ್ಕಿಯೇ ಪದ್ಯದಿಂದ ಹಾರಿಹೋದೀತು. ಪಾಠ ಹೇಳುವವರು ಕೋಶವನ್ನು ನೋಡುವಂತೆಯೇ ತೋಟದ ಕಡೆಗೂ ಕಿವಿಗೊಡುವುದು ಯುಕ್ತ.