ಲ್ಯಾಂಡ್ ರೋವರ್ ನೆಲದಲ್ಲಿ ಲ್ಯಾಂಡ್ ಕ್ರೂಸರ್ ಬೇರೂರಿದ ಬಗೆ

ಲ್ಯಾಂಡ್ ರೋವರ್, ಲ್ಯಾಂಡ್ ಕ್ರೂಸರ್ ಎರಡಕ್ಕೂ ಮಾದರಿ ಒಂದೇ: ಎರಡನೇ ಮಹಾಯುದ್ಧದ ಅಮೆರಿಕನ್ ವಿಲ್ಲಿಸ್ ಜೀಪು. ಬ್ರಿಟನ್ನಿನ ರೋವರ್ ಕಂಪನಿಯ ಎಂಜಿನಿಯರ್ ಮಾರಿಸ್ ವಿಲ್ಕ್ಸ್ ತಮ್ಮ ಜಮೀನಿನಲ್ಲಿ ಅಂಥದ್ದೊಂದು ಹಳೆಯ ಜೀಪು ಓಡಿಸುತ್ತಿದ್ದರು. ಅದಕ್ಕೆ ಬದಲಿಯಾಗಿ ರೂಪುಗೊಂಡ ಗಾಡಿ 1948ರ ಏಪ್ರಿಲ್‌ನಲ್ಲಿ ಆಮ್‌ಸ್ಟರ್‌ಡ್ಯಾಂ ಪ್ರದರ್ಶನಕ್ಕೆ ಬಂತು. ಉಕ್ಕು ಸುಲಭವಾಗಿ ಸಿಗದ ಕಾಲವಾದ್ದರಿಂದ ಅದರ ಮೈಗೆ ಅಲ್ಯೂಮಿನಿಯಂ ಮಿಶ್ರಲೋಹದ ತಗಡು ಬಳಸಲಾಯಿತು. ಮೈಗೆ ತುಕ್ಕಿನ ಕಾಟ ತಪ್ಪಿತು. ಕೆಳಗಿನ ಉಕ್ಕಿನ ಚಾಸಿಗೆ ತಪ್ಪಲಿಲ್ಲ.

ಟೊಯೊಟಾದ ಬಿಜೆ ಜೀಪು ಹುಟ್ಟಿದ್ದು 1951ರಲ್ಲಿ. ಜಪಾನಿನ ಪೊಲೀಸ್ ಮೀಸಲು ಪಡೆಯ ಗುತ್ತಿಗೆ ಅದರ ಕೈತಪ್ಪಿ, ವಿಲ್ಲಿಸ್ ಜೀಪಿನ ಪಾಲಾಯಿತು. ಅದೇ ವರ್ಷದ ಜುಲೈನಲ್ಲಿ ಚಾಲಕ ಇಚಿರೊ ತೈರಾ ಬಿಜೆಯನ್ನು ಫ್ಯೂಜಿ ಪರ್ವತದ ಆರನೇ ಹಂತದವರೆಗೆ ಹತ್ತಿಸಿದರು. ಲ್ಯಾಂಡ್ ಕ್ರೂಸರ್ ಎಂಬ ಹೆಸರು ಬಂದದ್ದು 1954ರಲ್ಲಿ.

ಆರಂಭದಲ್ಲಿ ಜಾಣ್ಮೆಯ ವಿನ್ಯಾಸ ಬ್ರಿಟಿಷರದೇ. ಲ್ಯಾಂಡ್ ರೋವರ್‌ನ 1.6 ಲೀಟರ್ ಎಂಜಿನ್ ಸಣ್ಣದಾದರೂ ಅದಕ್ಕೆ ಮೊದಲಿನಿಂದಲೂ ಲೋ ರೇಂಜ್ ಗೇರ್ ಇತ್ತು. ಕಲ್ಲುಬಂಡೆಗಳ ನಡುವೆ ಅಂಗುಲ ಅಂಗುಲವಾಗಿ ತೆವಳಲು ಬೇಕಾದದ್ದು ಅದೇ. ಟೊಯೊಟಾಕ್ಕೆ ಅದಿರಲಿಲ್ಲ. ಲಾರಿಯಿಂದ ಎತ್ತಿ ಕೂರಿಸಿದ 3.4 ಲೀಟರ್ ಎಂಜಿನ್‌ನ ಎಳೆತವನ್ನೇ ಅದು ನೆಚ್ಚಿಕೊಂಡಿತ್ತು. 1960ರ 40 ಸರಣಿಯಲ್ಲಷ್ಟೇ ಈ ಕೊರತೆ ನೀಗಿತು.

ಇಬ್ಬರ ಹಣಾಹಣಿಗೆ ಕಣವಾದದ್ದು ಆಸ್ಟ್ರೇಲಿಯ. 1949ರಿಂದ 1974ರವರೆಗೆ ನಡೆದ ಸ್ನೋಯಿ ಮೌಂಟನ್ಸ್ ಜಲವಿದ್ಯುತ್ ಯೋಜನೆಯಲ್ಲಿ 16 ದೊಡ್ಡ ಅಣೆಕಟ್ಟುಗಳು ಎದ್ದವು. ಅಲ್ಲಿ ಮೊದಲು ಲ್ಯಾಂಡ್ ರೋವರ್‌ಗಳದೇ ಓಡಾಟ. 1950ರ ದಶಕದ ಕೊನೆಯಲ್ಲಿ ಗುತ್ತಿಗೆದಾರ ಲೆಸ್ಲಿ ಥೀಸ್ ಲ್ಯಾಂಡ್ ಕ್ರೂಸರ್‌ಗಳನ್ನು ತರಿಸಿದರು. ಕೆಲಸದ ಜಾಗದಲ್ಲಿ ಆಳು, ಸಾಮಾನು ಹೇರಿಕೊಂಡು ಕಚ್ಚಾ ದಾರಿಯಲ್ಲಿ ದಿನವಿಡೀ ಓಡುವುದು ನಿತ್ಯದ ಪಾಡು. ಅಲ್ಲಿ ಆರು ಸಿಲಿಂಡರ್‌ಗಳ ದೊಡ್ಡ ಎಂಜಿನ್ ಏದುಸಿರು ಬಿಡದೆ ದುಡಿಯಿತು, ಪೆಟ್ರೋಲನ್ನೂ ಧಾರಾಳವಾಗಿ ಕುಡಿಯಿತು. ಇತ್ತ ಲ್ಯಾಂಡ್ ರೋವರ್‌ನ ಹಿಂದಿನ ಚಕ್ರಕ್ಕೆ ಶಕ್ತಿ ಮುಟ್ಟಿಸುವ ಹಾಫ್ ಶಾಫ್ಟ್ ಮುರಿಯುವುದು ಎಲ್ಲರಿಗೂ ಗೊತ್ತಿದ್ದ ರೋಗ. ದೂರ ಹೋಗುವವರು ಜೊತೆಗೊಂದು ಶಾಫ್ಟು ಇಟ್ಟುಕೊಂಡೇ ಹೊರಡುತ್ತಿದ್ದರು.

ಸಾಮರ್ಥ್ಯವೇ ಬೇರೆ, ಬಾಳಿಕೆಯೇ ಬೇರೆ ಎಂಬುದಕ್ಕೆ 1970ರ ರೇಂಜ್ ರೋವರ್ ಇನ್ನೂ ಸ್ಪಷ್ಟ ಸಾಕ್ಷಿ. ಕಾಯಿಲ್ ಸ್ಪ್ರಿಂಗ್, ಸದಾ ನಾಲ್ಕೂ ಚಕ್ರಕ್ಕೆ ಶಕ್ತಿ, 3.5 ಲೀಟರ್ ವಿ8: ಅಂದಿನ ಲ್ಯಾಂಡ್ ಕ್ರೂಸರ್ ಇದರ ಹತ್ತಿರ ಸುಳಿಯುವಂತಿರಲಿಲ್ಲ. ಆದರೆ 1972ರಲ್ಲಿ ಜಾನ್ ಬ್ಲ್ಯಾಶ್‌ಫರ್ಡ್ ಸ್ನೆಲ್ ನೇತೃತ್ವದ ತಂಡ ಪನಾಮ-ಕೊಲಂಬಿಯ ನಡುವಿನ ಡೇರಿಯನ್ ಕಾಡು ಹೊಕ್ಕಾಗ, ಕೆಸರಿಗೆಂದು ಹಾಕಿದ್ದ ಭಾರೀ ಟೈರುಗಳ ಒತ್ತಡಕ್ಕೆ ಅದರ ರೇಂಜ್ ರೋವರ್‌ಗಳ ಡಿಫರೆನ್ಷಿಯಲ್‌ಗಳೇ ಒಡೆದವು.

ಟೊಯೊಟಾ ನಿಧಾನಿ. ಅದರ ದೊಡ್ಡ ಗಾಡಿಗೆ ಕಾಯಿಲ್ ಸ್ಪ್ರಿಂಗ್ ಬಂದದ್ದು 1990ರ 80 ಸರಣಿಯಲ್ಲಿ. ದುಡಿಮೆಯ ಗಾಡಿಯಾದ 70 ಸರಣಿಯ ಮುಂಭಾಗಕ್ಕೆ 1999ರಲ್ಲಿ ಬಂತು. ಹಿಂಭಾಗದಲ್ಲಿ ಲೀಫ್ ಸ್ಪ್ರಿಂಗ್ ಹಾಗೆಯೇ ಉಳಿಯಿತು. 1948ರ ಗಾಡಿಯ ನೇರ ವಂಶಜ ಡಿಫೆಂಡರ್‌ನ ತಯಾರಿಕೆ 2016ರ ಜನವರಿಯಲ್ಲಿ ನಿಂತಿತು. ಅದೇ ಹೆಸರಿನ ಈಗಿನ ಗಾಡಿಗೆ ಪ್ರತ್ಯೇಕ ಚಾಸಿಯೇ ಇಲ್ಲ. 1984ರಲ್ಲಿ ಬಂದ 70 ಸರಣಿಯಾದರೋ ಆಸ್ಟ್ರೇಲಿಯದ ಗಣಿಗಳಲ್ಲಿ, ದನಗಾವಲುಗಳಲ್ಲಿ ಇನ್ನೂ ಬೇಡಿಕೆಯಲ್ಲಿದೆ.