ನೆಲದ ಸಿರಿ ಮತ್ತು ದುಡಿಮೆಯ ಫಲ

ಭೂಗರ್ಭದ ಖನಿಜವೇ ನಾಡಿನ ಏಳಿಗೆಗೆ ಆಧಾರವೆಂಬ ನಂಬಿಕೆ ಬಹು ಹಳೆಯದು. ಆದರೆ ಅರ್ಥಶಾಸ್ತ್ರದಲ್ಲಿ ಸಂಪತ್ತು ಬೇರೆ, ಉತ್ಪಾದಕತೆ ಬೇರೆ. ದುಡಿಮೆಗಾರನ ಒಂದು ದಿನದ ಶ್ರಮದಿಂದ ದೊರೆಯುವ ಫಲವು ವರ್ಷದಿಂದ ವರ್ಷಕ್ಕೆ ಹೆಚ್ಚುವುದೇ ಉತ್ಪಾದಕತೆಯ ಬೆಳವಣಿಗೆ. ಅದಿರು ತೆಗೆದಷ್ಟೂ ಬರಿದಾಗುತ್ತದೆ. ಕೌಶಲವಾದರೋ ಬಳಸಿದಷ್ಟೂ ಬೆಳೆಯುತ್ತದೆ. ಕೋಲಾರ ಮತ್ತು ಪುಣೆಗಳ ಚರಿತ್ರೆಯನ್ನು ಜೊತೆಯಲ್ಲಿರಿಸಿ ನೋಡಿದಾಗ ಈ ಅಂತರ ಸ್ಪಷ್ಟವಾಗುತ್ತದೆ.

ಕೋಲಾರದ ಚಿನ್ನದ ಗಣಿಗಳಿಗೆ ಶಿವನಸಮುದ್ರದ ಜಲವಿದ್ಯುತ್ತು 1902ರಲ್ಲಿಯೇ ತಲುಪಿತು. ಬೆಂಗಳೂರಿನ ಬೀದಿಗಳು ಬೆಳಗಿದ್ದು 1905ರಲ್ಲಿ. ಮೂರು ಕಿಲೋಮೀಟರಿಗೂ ಆಳಕ್ಕಿಳಿಯುವ ಗಣಿವಿದ್ಯೆ ಅಲ್ಲಿ ಬೆಳೆಯಿತು. ಆದರೆ ಚಿನ್ನದ ಲಾಭ ಬಹುಕಾಲ ಲಂಡನ್ನಿನ ಪಾಲುದಾರರನ್ನು ಸೇರಿತು. ಆ ಕೌಶಲವನ್ನು ಆಶ್ರಯಿಸಿ ಬಾಳಬಲ್ಲ ಇತರ ಉದ್ಯಮಗಳು ಸುತ್ತಲೂ ಸಾಕಷ್ಟು ಹುಟ್ಟಲಿಲ್ಲ. 2001ರಲ್ಲಿ ಗಣಿ ಮುಚ್ಚಿದ ಬಳಿಕ, ಅಲ್ಲಿಯ ಸಹಸ್ರಾರು ಜನರಿಗೆ ಬೆಂಗಳೂರಿನ ರೈಲೇ ಅನ್ನದ ದಾರಿಯಾಯಿತು.

ಪುಣೆಯ ಕಗ್ಗಲ್ಲಿನ ನೆಲದಲ್ಲಿ ಚಿನ್ನವಿಲ್ಲ. ಅಲ್ಲಿದ್ದುದು ಮುಠಾ ನದಿಯ ನೀರು. ಖಡಕ್‌ವಾಸಲಾ ಅಣೆಕಟ್ಟು 1879ರಲ್ಲಿ ಪೂರ್ಣಗೊಂಡಿತು. ಅದಕ್ಕೂ ಮೊದಲು, 1854ರಲ್ಲಿಯೇ, ಎಂಜಿನಿಯರಿಂಗ್ ಶಿಕ್ಷಣ ಅಲ್ಲಿ ಆರಂಭವಾಗಿತ್ತು. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ತೊಡಗಿ ಕಬ್ಬಿಣದ ನೇಗಿಲನ್ನು ತಯಾರಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನವು 1946ರಲ್ಲಿ ಪುಣೆಯಲ್ಲಿ ಎಂಜಿನುಗಳ ಕಾರ್ಖಾನೆಯನ್ನು ತೆರೆಯಿತು. ನೀರೆತ್ತುವ ಎಂಜಿನು ರೈತನ ದುಡಿಮೆಯ ಫಲವನ್ನು ಹೆಚ್ಚಿಸಿತು. ಅದನ್ನು ತಯಾರಿಸಿದ ಕೈಗಳು ಮತ್ತಷ್ಟು ಯಂತ್ರಗಳನ್ನು ಕಲಿತವು. ಅದೇ ನಗರದ ಗೋಖಲೆ ಸಂಸ್ಥೆಯಲ್ಲಿ ಧನಂಜಯರಾವ್ ಗಾಡ್ಗೀಳರು ಗೋದಾವರಿ ಮತ್ತು ಪ್ರವರಾ ಕಾಲುವೆಗಳ ಸಮೀಕ್ಷೆ ನಡೆಸಿ, ಹೊಲದ ನೇರ ಲಾಭವನ್ನಲ್ಲದೆ ನೀರಿನಿಂದ ಉಂಟಾಗುವ ಪರೋಕ್ಷ ಲಾಭಗಳನ್ನೂ ಅಳೆದರು. 1948ರಲ್ಲಿ ಪ್ರಕಟವಾದ ಆ ವರದಿಯ ಹಿಂದಿನ ವಿವೇಕ ಖನಿಜಕ್ಕೂ ಸಲ್ಲುತ್ತದೆ.

ಇದು ಭಾರತಕ್ಕಷ್ಟೇ ಸೀಮಿತವಾದ ಸಮಸ್ಯೆಯಲ್ಲ. ನೆದರ್ಲೆಂಡ್ಸಿನ ಗ್ರೋನಿಂಗೆನ್‌ನಲ್ಲಿ 1959ರಲ್ಲಿ ಅನಿಲ ದೊರೆತ ಬಳಿಕ, ಅದರ ರಫ್ತಿನಿಂದ ನಾಣ್ಯದ ಬೆಲೆ ಏರಿ ಇತರ ಕೈಗಾರಿಕೆಗಳು ಸೊರಗಿದವು. ಅರ್ಥಶಾಸ್ತ್ರಜ್ಞರು ಇದನ್ನು ‘ಡಚ್ ರೋಗ’ವೆನ್ನುತ್ತಾರೆ. ಆದರೂ ಸಂಪತ್ತು ತಾನಾಗಿ ಶಾಪವಲ್ಲ. ವಜ್ರದ ಆದಾಯವನ್ನು ಶಾಲೆ, ರಸ್ತೆಗಳಿಗೆ ವಿನಿಯೋಗಿಸಿದ ಬೋಟ್ಸ್ವಾನಾ ಇದಕ್ಕೆ ನಿದರ್ಶನ.

ಕನ್ನಡ ನಾಡಿನ ಮಟ್ಟಿಗೆ ಈ ಪ್ರಶ್ನೆ ಬಳ್ಳಾರಿ, ಸಂಡೂರುಗಳಲ್ಲಿ ಜೀವಂತವಾಗಿದೆ. ಅಕ್ರಮ ಗಣಿಗಾರಿಕೆಯಿಂದಾಗಿ 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಗಣಿಗಳನ್ನು ತಡೆಯಬೇಕಾಯಿತು. 2015ರ ಕಾನೂನು ತಿದ್ದುಪಡಿಯು ಗಣಿಬಾಧಿತ ಜನರ ಹಿತಕ್ಕಾಗಿ ಜಿಲ್ಲಾ ಖನಿಜ ಪ್ರತಿಷ್ಠಾನಗಳನ್ನು ವಿಧಿಸಿತು. ಆ ಹಣ ಕಟ್ಟಡ, ಕಮಾನುಗಳಲ್ಲಿ ಕರಗದೆ ಶಾಲೆ, ಕಾರ್ಯಾಗಾರ, ನೀರಾವರಿಗಳಾಗಿ ಮಾರ್ಪಟ್ಟರೆ ಮಾತ್ರ ಅದಿರು ಮುಗಿದ ನಂತರವೂ ಆ ನೆಲದ ಮಕ್ಕಳಿಗೆ ದುಡಿಮೆ ಉಳಿದೀತು.