ತಿರುವಿನ ಒಳಗಿನ ಒಂದೂವರೆ ಮೀಟರ್

ಕ್ಯಾಡ್ ಕಲಿತವರಿಗೆ ಪ್ಲಾನ್‌ನಲ್ಲಿ ರಸ್ತೆ ಬಿಡಿಸುವುದು ನಿಮಿಷಗಳ ಕೆಲಸ. ಸರ್ವೆಯವರು ಟೋಟಲ್ ಸ್ಟೇಷನ್‌ನಿಂದ ತಂದ ಬಿಂದುಗಳನ್ನು ಪರದೆಗೆ ತಂದು, ನಡುವೆ ಸೆಂಟರ್ ಲೈನ್ ಎಳೆದು, ಆಫ್‌ಸೆಟ್ ಕಮಾಂಡಿನಲ್ಲಿ ಎರಡೂ ಬದಿಗೆ ಮೂರೂವರೆ ಮೀಟರ್ ಕೊಟ್ಟರೆ ದ್ವಿಪಥ ರಸ್ತೆಯ ಡಾಂಬರಿನ ಅಂಚು ಸಿದ್ಧ. ಮೂಲೆಗಳಿಗೆ ಫಿಲೆಟ್ ಹಾಕಿ ಗುಂಡಗೆ ಮಾಡಿದರೆ ಕಣ್ಣಿಗೂ ಚೆನ್ನಾಗಿಯೇ ಕಾಣುತ್ತದೆ. 1982ರಲ್ಲಿ ಆಟೋಕ್ಯಾಡ್ ಬಂದ ಮೇಲೆ ಡ್ರಾಯಿಂಗ್ ಬೋರ್ಡು, ಟ್ರೇಸಿಂಗ್ ಪೇಪರು, ರೈಲ್ವೆ ಕರ್ವ್ ಎಂಬ ಬಾಗಿದ ಪಟ್ಟಿಗಳು ಒಂದೊಂದಾಗಿ ಮೂಲೆ ಸೇರಿದವು. ಆದರೆ ರಸ್ತೆಯ ತಿರುವೆಂದರೆ ಬರೀ ವೃತ್ತದ ತುಂಡಲ್ಲ ಎಂಬುದು ಫಿಲೆಟ್ ಕಮಾಂಡಿಗೆ ಗೊತ್ತಿಲ್ಲ.

ವೃತ್ತದ ತ್ರಿಜ್ಯಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಲೆಕ್ಕವಿದೆ. ವೇಗ, ತಿರುವಿನಲ್ಲಿ ರಸ್ತೆಗೆ ಕೊಡುವ ಓರೆ, ಟೈರಿನ ಘರ್ಷಣೆ ಈ ಮೂರೂ ಸೇರಿ ಅದನ್ನು ತೀರ್ಮಾನಿಸುತ್ತವೆ. ಗಂಟೆಗೆ 80 ಕಿ.ಮೀ. ವೇಗ, ಶೇ 7ರ ಓರೆ, 0.15 ಘರ್ಷಣೆ ಹಿಡಿದರೆ ಕನಿಷ್ಠ ತ್ರಿಜ್ಯ ಸುಮಾರು 230 ಮೀಟರ್. ಆ 230ನ್ನೇ ಫಿಲೆಟ್‌ಗೆ ಕೊಟ್ಟೆವು ಎನ್ನೋಣ. ಈಗ ಚಾಲಕನ ಜಾಗದಲ್ಲಿ ಕುಳಿತು ನೋಡಿ. ನೇರ ರಸ್ತೆ ಮುಗಿದು ವೃತ್ತ ಶುರುವಾಗುವ ಆ ಒಂದೇ ಬಿಂದುವಿನಲ್ಲಿ ಸ್ಟೀರಿಂಗ್ ಪೂರ್ತಿ ಹೊರಳಬೇಕು. ಎಂಥ ಪಳಗಿದ ಕೈಗೂ ಅದು ಆಗದ ಮಾತು. ಕೈ ತಿರುಗಲು ಹೊತ್ತು ಬೇಕು. ಅಷ್ಟರಲ್ಲಿ ಗಾಡಿ ತನ್ನ ಪಥದ ಅಂಚಿಗೆ ಸರಿದಿರುತ್ತದೆ.

ಅದಕ್ಕೇ ನೇರ ಗೆರೆಗೂ ವೃತ್ತಕ್ಕೂ ನಡುವೆ ಟ್ರಾನ್ಸಿಷನ್ ಕರ್ವ್ ಬೇಕು. ಸ್ಪೈರಲ್ ಎಂದೂ ಕರೆಯುವ ಈ ವಕ್ರರೇಖೆಯ ಗಣಿತವನ್ನು ಲಿಯೊನಾರ್ಡ್ ಆಯ್ಲರ್ 18ನೇ ಶತಮಾನದಲ್ಲೇ ಬರೆದಿಟ್ಟಿದ್ದ. ಮುಂದೆ ಸಾಗಿದಷ್ಟೂ ಇದರ ಬಾಗು ಒಂದೇ ಸಮನೆ ಹೆಚ್ಚುತ್ತದೆ. ಒಂದೇ ವೇಗದಲ್ಲಿ ಹೋಗುತ್ತಾ ಸ್ಟೀರಿಂಗನ್ನು ಒಂದೇ ಹದದಲ್ಲಿ ತಿರುಗಿಸಿದರೆ ಚಕ್ರಗಳು ಹೆಚ್ಚುಕಡಿಮೆ ಇದೇ ಗೆರೆ ಹಿಡಿಯುತ್ತವೆ. ನಮ್ಮ ಉದಾಹರಣೆಯಲ್ಲಿ ಅದರ ಉದ್ದ ಸುಮಾರು 90 ಮೀಟರ್, ಎಂದರೆ 80ರ ವೇಗದಲ್ಲಿ ನಾಲ್ಕು ಸೆಕೆಂಡು. ರಸ್ತೆಯ ಓರೆಯೂ ಅಷ್ಟರೊಳಗೇ ಏರಬೇಕು.

ಚಾಲಕನಿಗೆ ಅನುಕೂಲವಾಯಿತು. ಆದರೆ ಸ್ಪೈರಲ್ ಸೇರಿಸಿದ ಕೂಡಲೇ ವೃತ್ತ ಮೊದಲಿದ್ದ ಜಾಗದಲ್ಲಿ ಉಳಿಯುವುದಿಲ್ಲ, ತಿರುವಿನ ಒಳಬದಿಗೆ ಸರಿಯುತ್ತದೆ. ಸ್ಪೈರಲ್ ಉದ್ದದ ವರ್ಗವನ್ನು ತ್ರಿಜ್ಯದ 24 ಪಟ್ಟಿನಿಂದ ಭಾಗಿಸಿದರೆ ಆ ಸರಿತದ ಅಳತೆ ಸಿಗುತ್ತದೆ. 8100ನ್ನು 5520ರಿಂದ ಭಾಗಿಸಿ ನೋಡಿ, ಹತ್ತಿರಹತ್ತಿರ ಒಂದೂವರೆ ಮೀಟರ್. 1:2500 ಪ್ರಮಾಣದ ಹಾಳೆಯಲ್ಲಿ ಅದು ಒಂದು ಮಿಲಿಮೀಟರೂ ಇಲ್ಲ. ನೆಲದಲ್ಲಿ ನೂರು ಮೀಟರ್ ಉದ್ದಕ್ಕೆ ಹಿಡಿದರೆ ಒಂದೂವರೆ ಗುಂಟೆ! ಬಾವಿಕಟ್ಟೆ, ಮನೆಯ ಜಗಲಿ, ಬೇಲಿಯಂಚಿನ ತೆಂಗಿನ ಸಾಲು ಉಳಿಯುವುದೋ ಹೋಗುವುದೋ ಇಷ್ಟರಲ್ಲೇ ತೀರ್ಮಾನವಾಗುತ್ತದೆ. ಫಿಲೆಟ್ ಹಾಕಿದ ಗೆರೆಯ ಮೇಲೆ ಭೂಸ್ವಾಧೀನದ ಗಡಿ ಗುರುತಿಸಿ, ಸ್ಪೈರಲ್ಲನ್ನು ವಿವರ ವಿನ್ಯಾಸದ ಹೊತ್ತಿಗೆ ಸೇರಿಸೋಣ ಎನ್ನುವವರನ್ನು ನಾನು ಒಪ್ಪಲಾರೆ. ಅಷ್ಟರಲ್ಲಿ ಕಲ್ಲು ನೆಟ್ಟಾಗಿರುತ್ತದೆ, ರೈತ ತನ್ನ ಬಾವಿ ಉಳಿಯಿತೆಂದು ನಂಬಿರುತ್ತಾನೆ.

ಅಳತೆಯಲ್ಲೇ ಇನ್ನೊಂದು ತೊಡಕಿದೆ. ಜಿಪಿಎಸ್ ಬಿಂದುಗಳನ್ನು ಸಾಮಾನ್ಯವಾಗಿ ಯುಟಿಎಂ ಎಂಬ ನಕ್ಷೆಯ ಗ್ರಿಡ್ಡಿಗೆ ಇಳಿಸುತ್ತಾರೆ. ಕರ್ನಾಟಕದ ಬಹುಭಾಗ ಅದರ 43ನೇ ವಲಯಕ್ಕೆ ಸೇರಿದೆ. ವಲಯದ ನಡುಗೆರೆಯಾದ 75 ಡಿಗ್ರಿ ಪೂರ್ವ ರೇಖಾಂಶ ಕಾರ್ಕಳದ ಬಳಿಯೇ ಹಾದುಹೋಗುತ್ತದೆ. ಅಲ್ಲಿ ನೆಲದ ಒಂದು ಕಿಲೋಮೀಟರ್ ಗ್ರಿಡ್ಡಿನಲ್ಲಿ ಸುಮಾರು 40 ಸೆಂಟಿಮೀಟರ್ ಕಡಿಮೆ ಬೀಳುತ್ತದೆ. ಹತ್ತು ಕಿಲೋಮೀಟರಿಗೆ ನಾಲ್ಕು ಮೀಟರ್, ಒಂದು ಪಥದ ಅಗಲಕ್ಕಿಂತ ಹೆಚ್ಚು. ಬೆಂಗಳೂರಿಗೆ ಬಂದರೆ ಲೆಕ್ಕ ತಿರುವುಮುರುವಾಗಿ ಗ್ರಿಡ್ಡಿನ ದೂರವೇ ಜಾಸ್ತಿ. ಟೋಟಲ್ ಸ್ಟೇಷನ್ ಅಳೆಯುವುದು ನೆಲದ ದೂರವನ್ನು. ಎರಡನ್ನೂ ತಿದ್ದದೆ ಒಂದೇ ಫೈಲಿನಲ್ಲಿ ಬೆರೆಸಿದರೆ ಪಟ್ಟಿಯಲ್ಲಿ ಮೋರಿಯ ಚೈನೇಜ್ (ರಸ್ತೆಯ ಆರಂಭದಿಂದ ಅಳೆದ ದೂರ) ಒಂದು ಕಡೆ, ಹಳ್ಳ ಇನ್ನೊಂದು ಕಡೆ.

ಘಟ್ಟದಲ್ಲಿ ವೇಗ, ತ್ರಿಜ್ಯದ ಅಂಕಿಗಳೆಲ್ಲ ಬದಲಾಗುತ್ತವೆ. ಆಗುಂಬೆಯಂಥ ಕಡೆ ಹೇರ್‌ಪಿನ್ ತಿರುವಿಗೆ ಮಾನದಂಡ ಹಿಡಿಯುವುದು 20 ಕಿ.ಮೀ. ವೇಗ, ಒಳಬದಿಯ ತ್ರಿಜ್ಯ ಕನಿಷ್ಠ 14 ಮೀಟರ್. ಪ್ಲಾನ್‌ನಲ್ಲಿ ಅಕ್ಕಪಕ್ಕ ಕಾಣುವ ಎರಡು ಗೆರೆಗಳ ನಡುವೆ ಕಡಿದಾದ ಧರೆ ನಿಂತಿರುತ್ತದೆ. ಕಾಂಟೂರ್ ಲೇಯರನ್ನು ಆಫ್ ಮಾಡಿ ಅಲ್ಲಿ ಗೆರೆ ಎಳೆಯಲೇಬಾರದು.

ಸಿವಿಲ್ 3ಡಿಯಂಥ ಸಾಫ್ಟ್‌ವೇರಿನಲ್ಲಿ ಎರಡು ನೇರ ಗೆರೆ ಕೂಡುವ ಬಿಂದುವನ್ನು ಮೌಸಿನಿಂದ ಎಳೆದರೆ ಸಾಕು, ಸ್ಪೈರಲ್, ವೃತ್ತ, ಚೈನೇಜ್ ಎಲ್ಲವೂ ಹೊಸದಾಗಿ ಲೆಕ್ಕವಾಗುತ್ತವೆ. ಹಾಗಾಗಿ ಸ್ಪೈರಲ್ಲನ್ನು ಮುಂದೂಡಲು ಸಮಯವಿಲ್ಲವೆಂಬ ನೆಪ ಇನ್ನು ನಡೆಯದು. ಗ್ರಾಮ ನಕ್ಷೆಯನ್ನು ಒಂದು ಲೇಯರಿನಲ್ಲಿ ಕೂರಿಸಿ, ಬಾವಿ, ಮರ, ಬೋರ್‌ವೆಲ್‌ಗಳನ್ನು ಮೊದಲೇ ಗುರುತಿಸಲಿ. ಪಂಚಾಯಿತಿ ಗೋಡೆಗೆ ಅಂಟಿಸುವ ಹಾಳೆ 1:1000 ಪ್ರಮಾಣದಲ್ಲಿರಲಿ, ಅದರಲ್ಲಿ ಸರ್ವೆ ನಂಬರುಗಳು ದಪ್ಪಗೆ ಕನ್ನಡದಲ್ಲಿರಲಿ, ಗಡಿಯ ಗೆರೆ ಸ್ಪೈರಲ್ ಸೇರಿಸಿದ ನಂತರದ್ದೇ ಆಗಿರಲಿ.